ಕಿರಾಣಾದಿಂದ ನ್ಯೂಯಾರ್ಕಿಗೆ: ಗದಗಿನ ಹುಡುಗನ ದನಿ ನಡೆದ ದಾರಿ

ಗಣರಾಜ್ಯೋತ್ಸವದ ತಯಾರಿ ನಡೆದಿತ್ತು. ಪುಣೆಯ ಉರ್ದು ಮಾಧ್ಯಮದ ಶಾಲೆಯೊಂದರಲ್ಲಿ ನಾನು ಎಂಟನೇ ತರಗತಿಯ ಟೀಚರ್. ಮಕ್ಕಳಿಗೆ ಏನಾದರೂ ಹೊಸದು ತೋರಿಸೋಣ ಅಂತ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಚ್ಚಿದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ಹಾಡು ಅದು. ನಮ್ಮ ತಲೆಮಾರಿನವರು ಅದನ್ನು ಕೇಳುತ್ತಲೇ ಬೆಳೆದವರು, ಈಗಿನ ಮಕ್ಕಳಿಗೆ ಅದು ಹೊಸದೇ.

ಹಾಡಿನಲ್ಲಿ ಮೊದಲು ಕಾಣುವವರು ಪಂಡಿತ್ ಭೀಮಸೇನ ಜೋಶಿ. “ಇವರು ಯಾರು ಗೊತ್ತಾ?” ಅಂತ ಕೇಳಿದೆ. “ಮರಾಠಿ ಅಭಂಗ ಹಾಡ್ತಾರಲ್ಲ, ಅವರು. ಪುಣೆಯವರು” ಅಂದಳು ಒಬ್ಬಳು. “ಪುಣೆಯಲ್ಲಿ ಇದ್ದರು ಅನ್ನೋದು ಖರೆ. ಆದರೆ ಹುಟ್ಟಿದ್ದು ನಮ್ಮ ಗದಗಿನ ಕಡೆ, ಮಾತು ಕನ್ನಡ” ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. “ಟೀಚರ್, ಇವರಿಗೆ ಕಲಿಸಿದ್ದು ಯಾರು?”

“ಕುಂದಗೋಳದ ಸವಾಯಿ ಗಂಧರ್ವರು.”

“ಅವರಿಗೆ?”

“ಉಸ್ತಾದ್ ಅಬ್ದುಲ್ ಕರೀಂ ಖಾನ್.”

ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅದೇ ಹುಡುಗ ಮೆಲ್ಲಗೆ ಕೇಳಿದ: “ಖಾನ್? ಹಮಾರೇ ವಾಲೇ?”

ಈ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ನಾತ್ ಹಾಡಿದರೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರೂ ಕಪ್ಪು ಕೆಳಗಿಡುತ್ತಾರೆ. ಆದರೆ ಲೆಕ್ಕದಲ್ಲಿ ಹಿಂದೆ. ಕಳೆದ ಪಾಲಕರ ಸಭೆಗೆ ಬಂದಿದ್ದ ಅವನ ಅಬ್ಬಾ, “ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಟೀಚರ್. ಹಾಡಿನಿಂದ ಹೊಟ್ಟೆ ತುಂಬೋದಿಲ್ಲ” ಅಂದಿದ್ದರು. ನಾನೂ ತಲೆಯಾಡಿಸಿದ್ದೆ. “ಗುನುಗೋದು ಬಿಡು, ಲೆಕ್ಕ ಮಾಡು” ಅಂತ ಎಲ್ಲರ ಎದುರೇ ಗದರಿಸಿದ್ದೆ. ಅವನು “ಹಮಾರೇ ವಾಲೇ?” ಅಂತ ಕೇಳಿದಾಗ ನನಗೆ ನೆನಪಾದದ್ದು ಆ ಗದರಿಕೆಯೇ. ಅವನ ಪ್ರಶ್ನೆಗೆ ತರಗತಿಯಲ್ಲಿ ಎರಡು ಮಾತಿನ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಈ ಬರಹ.

ಕಿರಾಣಾ ಅಂದರೆ ಅಂಗಡಿಯಲ್ಲ

“ಕಿರಾಣಾ ಘರಾಣೆ” ಅಂದ ಕೂಡಲೇ ಮಕ್ಕಳು ನಕ್ಕರು. ಅವರಿಗೆ ಹೊಳೆದದ್ದು ಕಿರಾಣಿ ಅಂಗಡಿ! ಕಿರಾಣಾ ಅನ್ನೋದು ಕೈರಾನಾ ಎಂಬ ಊರಿನಿಂದ ಬಂದ ಹೆಸರು. ಅದು ಉತ್ತರ ಪ್ರದೇಶದಲ್ಲಿ, ದಿಲ್ಲಿಯ ಆಚೆಗಿರುವ ಊರು. ಅಲ್ಲಿನ ಮುಸ್ಲಿಂ ಮನೆತನಗಳಿಗೆ ಹಾಡು, ಸಾರಂಗಿ, ಬೀನ್ ತಲೆತಲಾಂತರದ ಕಸುಬು. ಘರಾಣೆ ಎಂದರೆ ಅಕ್ಷರಶಃ ಮನೆತನ. ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ದಾಟಿ ಬಂದ ಹಾಡುಗಾರಿಕೆಯ ರೀತಿಗೆ ಆ ಹೆಸರು.

ಪ್ರತಿ ಘರಾಣೆಗೂ ತನ್ನದೇ ಚಹರೆ ಇದೆ. ಕೆಲವು ಲಯದ ಆಟಕ್ಕೆ, ಕೆಲವು ತಾನುಗಳ ಬಿರುಸಿಗೆ ಹೆಸರಾದವು. ಕಿರಾಣಾದ ಪ್ರಾಣ ಇರುವುದು ಸ್ವರದಲ್ಲಿ. ಗಾಯಕ ಒಂದು ಸ್ವರವನ್ನು ಹಿಡಿದು ಅಲ್ಲೇ ನಿಲ್ಲುತ್ತಾನೆ, ಅದು ತಂಬೂರಿಯ ನಾದದಲ್ಲಿ ಕರಗುವ ತನಕ. ಆಮೇಲೆ ಪಕ್ಕದ ಸ್ವರಕ್ಕೆ ಕಾಲಿಡುತ್ತಾನೆ. ಹೀಗೆ ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದಕ್ಕೆ ‘ಬಢತ್’ ಅನ್ನುತ್ತಾರೆ.

ಉರ್ದು ಬಲ್ಲ ಮಕ್ಕಳಿಗೆ ಇಲ್ಲಿ ಇನ್ನೊಂದು ಖುಷಿಯ ವಿಷಯ ಇದೆ. ಈ ಹಾಡಿನ ಪ್ರಕಾರದ ಹೆಸರು ‘ಖಯಾಲ್’. ನಾವು ದಿನವೂ ಆಡುವ ಮಾತೇ ಅದು: ಯೋಚನೆ, ಕಲ್ಪನೆ. ಅಭ್ಯಾಸಕ್ಕೆ ರಿಯಾಜ್, ಕಲಿಸುವವರಿಗೆ ಉಸ್ತಾದ್, ಕಲಿಯುವವರಿಗೆ ಶಾಗಿರ್ದ್. ಇವನ್ನು ಕನ್ನಡ, ಮರಾಠಿ ಗಾಯಕರೂ ದಿನನಿತ್ಯ ಬಳಸುತ್ತಾರೆ. ಒಂದು ಕಲೆ ಯಾರ ಯಾರ ಮನೆಯನ್ನು ಹಾದು ಬಂದಿದೆ ಅನ್ನೋದನ್ನು ಅದರ ಪದಗಳೇ ಹೇಳುತ್ತವೆ.

ಮನೆಯ ಬಾಗಿಲು ತೆರೆದ ಖಾನ್‌ಸಾಹೇಬರು

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಕೈರಾನಾದಲ್ಲಿ. ಹುಡುಗನಾಗಿದ್ದಾಗಲೇ ಬೈಠಕ್‌ಗಳಲ್ಲಿ ಹಾಡಿ, ಯೌವನದಲ್ಲಿ ಬಡೋದೆಯ ದರಬಾರಿಗೆ ಬಂದರು. ಅಲ್ಲಿ ತಾರಾಬಾಯಿ ಮಾನೆಯವರೊಂದಿಗೆ ಬಾಳು ಕೂಡಿತು. ಇಬ್ಬರೂ ಊರು ಬಿಟ್ಟು ಮುಂಬೈ ಕಡೆಗೆ ಬಂದರು. 1922ರಲ್ಲಿ ಅವರು ಬೇರೆಯಾದರೂ ಮಕ್ಕಳೆಲ್ಲ ಸಂಗೀತದಲ್ಲೇ ಬೆಳೆದರು. ಹೀರಾಬಾಯಿ ಬಡೋದೇಕರ್, ಸುರೇಶಬಾಬು ಮಾನೆ, ಸರಸ್ವತಿ ರಾಣೆ, ಇವರೆಲ್ಲ ಖಾನ್‌ಸಾಹೇಬರ ಮಕ್ಕಳೇ ಅನ್ನೋದು ನಮ್ಮಲ್ಲಿ ಅನೇಕರಿಗೆ ಇವತ್ತಿಗೂ ಗೊತ್ತಿಲ್ಲ.

ಆ ಕಾಲದಲ್ಲಿ ದೊಡ್ಡ ಉಸ್ತಾದರು ಮನೆತನದ ಚೀಜುಗಳನ್ನು, ಅಂದರೆ ಹಾಡಿನ ಬಂದಿಶ್‌ಗಳನ್ನು, ಹೊರಗಿನವರಿಗೆ ಸುಲಭಕ್ಕೆ ಕೊಡುತ್ತಿರಲಿಲ್ಲ. ಅದು ಜಿಪುಣತನ ಅಂತ ನಗಬೇಕಾಗಿಲ್ಲ. ಹಾಡೇ ಅವರ ಹೊಲ, ಅದೇ ಆಸ್ತಿ. ಹೊಲವನ್ನು ಯಾರಾದರೂ ಹಂಚುತ್ತಾರಾ? ಖಾನ್‌ಸಾಹೇಬರು ಹಂಚಿದರು. 1913ರಲ್ಲಿ ಇದೇ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಎಂಬ ಶಾಲೆ ತೆರೆದರು. ಕೈರಾನಾದ ಮುಸಲ್ಮಾನರೊಬ್ಬರು ಮರಾಠಿ ಊರಿನಲ್ಲಿ ಆ ಹೆಸರಿನ ಶಾಲೆ ಕಟ್ಟಿ, ಜಾತಿ-ಮನೆತನ ನೋಡದೆ ಶಿಷ್ಯರನ್ನು ಸೇರಿಸಿಕೊಂಡರು. ಶಿಷ್ಯರು ಗುರುಕುಲದ ಹಾಗೆ ಜತೆಗೇ ಇದ್ದು ಕಲಿಯುತ್ತಿದ್ದರು.

ಖಾನ್‌ಸಾಹೇಬರು ಬರೀ ಕೊಟ್ಟವರಲ್ಲ, ತೆಗೆದುಕೊಳ್ಳುವುದರಲ್ಲೂ ಧಾರಾಳಿ. ಮೈಸೂರು ದರಬಾರಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿ, ಅಲ್ಲಿನ ಸ್ವರಕಲ್ಪನೆಯ ರೀತಿಯನ್ನು ತಮ್ಮ ಖಯಾಲ್, ಠುಮ್ರಿಗಳಿಗೆ ಸೇರಿಸಿಕೊಂಡರು. ತ್ಯಾಗರಾಜರ ಕೃತಿಯೊಂದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದರು. ಧಾರವಾಡಕ್ಕೆ ಬಂದಾಗ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೂತು ಕೇಳುತ್ತಿದ್ದರು. ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ 22 ಶ್ರುತಿಗಳ ಅಳತೆಯ ಅಭ್ಯಾಸಕ್ಕೆ ಕೂತಾಗ, ಆ ಸೂಕ್ಷ್ಮ ಸ್ವರಗಳನ್ನು ಹಾಡಿ ತೋರಿಸಿದ ಗಂಟಲು ಖಾನ್‌ಸಾಹೇಬರದೇ.

ಮುಂದೆ ಅವರು ಮಿರಜ್‌ನಲ್ಲಿ ನೆಲೆಸಿದರು. ಮಿರಜ್ ಅಂದರೆ ತಂಬೂರಿ ಮತ್ತು ಸಿತಾರದ ಊರು. ಹಿಂದೆ ಆಯುಧಕ್ಕೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಮನೆತನಗಳು ರಾಜರ ಯುದ್ಧಗಳು ನಿಂತ ಮೇಲೆ ಸೋರೆಬುರುಡೆ ಕೊರೆದು ವಾದ್ಯ ಮಾಡುವ ಕಸುಬು ಹಿಡಿದ ಊರು ಅದು. ಕತ್ತಿಯ ಕೈ ತಂತಿಗೆ ಬಂತು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. 2024ರಲ್ಲಿ ಮಿರಜ್‌ನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಖಾನ್‌ಸಾಹೇಬರ ಕೊನೆಯೂ ಪ್ರಯಾಣದಲ್ಲೇ ಆಯಿತು. 1937ರ ಅಕ್ಟೋಬರ್‌ನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ರೈಲಿನಲ್ಲಿ ಮೈ ಸರಿಯಿಲ್ಲವೆನಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿಸಿ, ನಮಾಜು ಮುಗಿಸಿ, ದರಬಾರಿ ರಾಗದಲ್ಲಿ ಅಲ್ಲಾಹನನ್ನು ನೆನೆಯುತ್ತಾ ಕಣ್ಣು ಮುಚ್ಚಿದರು ಅಂತ ಶಿಷ್ಯ ಪರಂಪರೆ ಹೇಳಿಕೊಂಡು ಬಂದಿದೆ. ಮಿರಜ್‌ನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಅವರ ಮಜಾರು ಇದೆ. ವರ್ಷಕ್ಕೊಮ್ಮೆ ಉರುಸ್ ಸಮಯದಲ್ಲಿ ಗಾಯಕರು ಅಲ್ಲಿಗೆ ಬಂದು ಹಾಡುತ್ತಾರೆ. ಪುಣೆಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಮಿರಜ್‌ನಲ್ಲಿ ಒಮ್ಮೆ ಇಳಿದು ನೋಡಬೇಕು.

ಕುಂದಗೋಳದ ಶಾಗಿರ್ದ್

ಖಾನ್‌ಸಾಹೇಬರ ಶಾಗಿರ್ದ್‌ಗಳಲ್ಲಿ ನಮ್ಮ ಕಡೆಯವರು ರಾಮಭಾವು ಕುಂದಗೋಳಕರ್. ಹುಟ್ಟಿದ್ದು 1886ರಲ್ಲಿ. ಎಂಟು ವರ್ಷ ಬಿಟ್ಟು ಹೋಗಬಾರದು ಎಂಬ ಷರತ್ತಿನ ಮೇಲೆ ಉಸ್ತಾದರು ಅವರನ್ನು ಒಪ್ಪಿಕೊಂಡರು ಎನ್ನುತ್ತಾರೆ. ಮುಂದೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ ‘ಸವಾಯಿ ಗಂಧರ್ವ’ ಎನಿಸಿಕೊಂಡರು. ಹೆಸರು ಬಂದ ಮೇಲೆ ಅವರೂ ಗುರುವಿನ ದಾರಿಯನ್ನೇ ಹಿಡಿದರು. ತಾವು ಪಡೆದದ್ದನ್ನು ಕುಂದಗೋಳದಲ್ಲಿ ಕೂತು ಹಂಚಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಮುಂಬೈನ ಪಾರ್ಸಿ ಫಿರೋಜ್ ದಸ್ತೂರ್, ಎಲ್ಲರೂ ಅವರ ಶಿಷ್ಯರು. ಮುಸ್ಲಿಂ ಉಸ್ತಾದರ ವಿದ್ಯೆ ಬ್ರಾಹ್ಮಣ ಗುರುವಿನ ಮೂಲಕ ಲಿಂಗಾಯತರಿಗೆ, ಪಾರ್ಸಿಗೆ, ಗಂಗೂಬಾಯಿಯಂಥ ಹೆಣ್ಣುಮಕ್ಕಳಿಗೆ ತಲುಪಿದ್ದು ಹೀಗೆ. ಆ ಸಾಲಿಗೆ ಗದಗಿನ ಒಬ್ಬ ಹುಡುಗ ಬಂದು ಸೇರಿದ.

ಟಿಕೆಟ್ಟಿಲ್ಲದೆ ರೈಲು ಹತ್ತಿದ ಹುಡುಗ

ಭೀಮಸೇನ ಜೋಶಿಯವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು. ತಂದೆ ಗುರುರಾಜಾಚಾರ್ಯರು ಶಾಲಾ ಮಾಸ್ತರರು. ಮೆರವಣಿಗೆ, ಭಜನೆ, ಬ್ಯಾಂಡು ಅಂತ ದನಿ ಕೇಳಿದರೆ ಸಾಕು, ಮಗ ಅದರ ಬೆನ್ನುಹತ್ತಿ ಹೋಗಿ ಎಲ್ಲೋ ದಣಿದು ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಅಂಗಿಯ ಮೇಲೆ ‘ಇವನು ಜೋಶಿ ಮಾಸ್ತರರ ಮಗ’ ಅಂತ ಬರೆಸಿದರು ಎಂಬ ಕತೆ ಉಂಟು. ಟೀಚರ್ ಆದ ನನಗೆ ಆ ಮಾಸ್ತರರ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಮಗ ಓದಬೇಕು, ನೌಕರಿ ಹಿಡಿಯಬೇಕು ಅನ್ನುವುದು ಅವರ ಆಸೆ, ಆದರೆ ಮಗನ ಕಿವಿ ಬೇರೆ ಕಡೆ.

ಆ ಕಿವಿಗೆ ಒಂದು ದಿನ ಅಂಗಡಿಯ ಗ್ರಾಮಫೋನಿನಿಂದ ಖಾನ್‌ಸಾಹೇಬರ ದನಿ ಬಿತ್ತು. ಝಿಂಝೋಟಿ ರಾಗದ ಠುಮ್ರಿ. ಆಗಿನ ತಟ್ಟೆಯ ಒಂದು ಬದಿ ಸುಮಾರು 3 ನಿಮಿಷ ಓಡುತ್ತಿತ್ತು, ಅಷ್ಟೇ. ಹೀಗೆ ಹಾಡಬೇಕು ಅನ್ನುವ ಹಟ ಹುಟ್ಟಲು ಆ 3 ನಿಮಿಷ ಸಾಕಾಯಿತು. ಖಾನ್‌ಸಾಹೇಬರು ಈ ಹುಡುಗನಿಗೆ ಎದುರು ಕೂರಿಸಿ ಕಲಿಸಲಿಲ್ಲ. ಅವರ ದನಿ ತಟ್ಟೆಯ ಮೇಲೆ ಕೂತು ತಾನೇ ಅವನ ಊರಿಗೆ ಬಂದಿತ್ತು.

1933ರಲ್ಲಿ, 11ನೇ ವಯಸ್ಸಿಗೆ, ಹುಡುಗ ಮನೆ ಬಿಟ್ಟ. ಕೈಯಲ್ಲಿ ಕಾಸಿಲ್ಲ. ರೈಲಿನಲ್ಲಿ ಪ್ರಯಾಣಿಕರ ಮುಂದೆ ಹಾಡುತ್ತಾ, ಅವರು ಕೊಟ್ಟದ್ದು ತಿನ್ನುತ್ತಾ ಉತ್ತರಕ್ಕೆ ಹೋದ. ಗ್ವಾಲಿಯರ್‌ನಲ್ಲಿ ಸರೋದ್ ವಾದಕ ಉಸ್ತಾದ್ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆಗೆ ಸೇರಿಕೊಂಡ. ಅಲ್ಲಿಂದ ದಿಲ್ಲಿ, ಕಲ್ಕತ್ತಾ, ಲಖನೌ ಸುತ್ತಿದ. ರಾಂಪುರದಲ್ಲಿ ಉಸ್ತಾದ್ ಮುಷ್ತಾಕ್ ಹುಸೇನ್ ಖಾನರ ಬಳಿ ವರ್ಷಕ್ಕೂ ಹೆಚ್ಚು ಇದ್ದ. ಗೊತ್ತುಗುರಿಯಿಲ್ಲದೆ ಬಂದ ಕನ್ನಡದ ಹುಡುಗನನ್ನು ಈ ಉಸ್ತಾದರು “ನೀನು ಯಾರ ಪೈಕಿ?” ಅಂತ ಹೊರದಬ್ಬಲಿಲ್ಲ. ಕೊನೆಗೆ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು, “ಇಷ್ಟು ದೂರ ಯಾಕೆ ಅಲೆಯುತ್ತೀ? ನಿನ್ನೂರಿನ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ” ಎಂಬ ಅರ್ಥದ ಬುದ್ಧಿ ಹೇಳಿದರಂತೆ. ತಂದೆ ಬಂದು ಕರೆದುಕೊಂಡು ಹೋದರು.

1936ರಲ್ಲಿ ಸವಾಯಿ ಗಂಧರ್ವರು ಶಿಷ್ಯನಾಗಿ ಒಪ್ಪಿಕೊಂಡರು. ಗುರುವಿನ ಮನೆಯಲ್ಲಿ ನೀರು ಹೊರುವುದರಿಂದ ಹಿಡಿದು ಎಲ್ಲ ಕೆಲಸ ಮಾಡಬೇಕಿತ್ತು. ಪಾಠ ಅಂದರೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಬಹಳ ಕಾಲ ಈ ಮೂರೇ ರಾಗ. ಈಗಿನ ಮಕ್ಕಳಿಗೆ ಮೂರು ತಿಂಗಳಿಗೆ ಮೂವತ್ತು ಹಾಡು ಬೇಕು. ಮೂರು ರಾಗದಲ್ಲಿ ಗಂಟಲು ಹದವಾದರೆ ಉಳಿದದ್ದು ತಾನೇ ಬರುತ್ತದೆ ಅನ್ನುವುದು ಆ ಗುರುವಿನ ಲೆಕ್ಕ.

ಪುಣೆಯಿಂದ ಜಗತ್ತಿಗೆ

1941ರಲ್ಲಿ, 19ನೇ ವಯಸ್ಸಿನಲ್ಲಿ, ಭೀಮಸೇನರ ಮೊದಲ ಕಛೇರಿ. ಮರುವರ್ಷ ಎಚ್‌ಎಂವಿ ಕಂಪನಿ ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳ ಮೊದಲ ತಟ್ಟೆ ತಂದಿತು. 1943ರಲ್ಲಿ ಮುಂಬೈಗೆ ಹೋಗಿ ರೇಡಿಯೊದಲ್ಲಿ ಹಾಡತೊಡಗಿದರು. 1946ರಲ್ಲಿ ಪುಣೆಯಲ್ಲಿ ಗುರುವಿನ 60ನೇ ವರ್ಷದ ಸಮಾರಂಭದಲ್ಲಿ ಹಾಡಿದ ಕಛೇರಿ ಅವರ ಹೆಸರನ್ನು ಊರೆಲ್ಲ ಹಬ್ಬಿಸಿತು. ಪುಣೆಯೇ ಅವರ ಊರಾಯಿತು.

ಇದಾದ ಮೇಲೆ ಅವರ ಬದುಕನ್ನು ಮುಂದಕ್ಕೆ ಒಯ್ದ ನಾಲ್ಕು ಗಾಲಿಗಳಿವೆ. ಮೊದಲನೆಯದು ರೇಡಿಯೊ. 1952ರಲ್ಲಿ ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುಮಾಡಿತು. ಶಾಸ್ತ್ರೀಯ ಸಂಗೀತ ಅರಮನೆಯಿಂದ ಹೊರಬಂದು ಜನರ ಮನೆ ಸೇರಿತು. ಎರಡನೆಯದು ಸಂಗೀತ ಸಮ್ಮೇಳನಗಳು, ರಾತ್ರಿಯಿಡೀ ಸಾವಿರಾರು ಜನ ಕೂತು ಕೇಳುವ ಮಂಟಪಗಳು. ಮೂರನೆಯದು ಲಾಂಗ್‌ಪ್ಲೇ ತಟ್ಟೆ. 3 ನಿಮಿಷದ ಜಾಗದಲ್ಲಿ ಒಂದು ಬದಿಗೆ 20 ನಿಮಿಷದಷ್ಟು ಸಿಕ್ಕಿದಾಗ ಖಯಾಲಿನ ನಿಧಾನದ ಬೆಳವಣಿಗೆ ಮೊದಲ ಸಲ ಮನೆಯಲ್ಲಿ ಕೇಳಲು ಸಿಕ್ಕಿತು. ಒಂದೊಂದೇ ಸ್ವರ ಬಿಡಿಸುವ ಕಿರಾಣಾಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕನೆಯದು ವಿಮಾನ.

ವಿಮಾನದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದುಸ್ತಾನಿ ಸಂಗೀತದಲ್ಲಿ ವಿದೇಶಕ್ಕೆ ಮೊದಲು ದಾರಿ ಮಾಡಿದ್ದು ವಾದ್ಯದವರು. ಉಸ್ತಾದ್ ಅಲಿ ಅಕ್ಬರ್ ಖಾನರು 1955ರಲ್ಲಿ ನ್ಯೂಯಾರ್ಕಿನಲ್ಲಿ ಸರೋದ್ ನುಡಿಸಿದರು. ಪಂಡಿತ್ ರವಿಶಂಕರ್ 1967ರ ಮಾಂಟೆರೆ ಉತ್ಸವದಲ್ಲಿ ಸಿತಾರ್ ನುಡಿಸಿದರು. ಸಿತಾರಕ್ಕೆ ಭಾಷೆ ಬೇಡ. ಖಯಾಲಿನಲ್ಲಿ ಮಾತು ಇದೆ, ಅದೂ ಕೇಳುವವರಿಗೆ ಗೊತ್ತಿಲ್ಲದ ಮಾತು. ಭೀಮಸೇನರು 1960ರ ದಶಕದಿಂದ ಯುರೋಪು, ಅಮೆರಿಕ, ಕೆನಡಾಗಳಿಗೆ ಹೋಗಿ ಹಾಡಿದಾಗ ಖಯಾಲನ್ನು ತುಂಡು ಮಾಡಲಿಲ್ಲ, ಇಂಗ್ಲಿಷ್ ಸೇರಿಸಲಿಲ್ಲ. ಎರಡು ತಂಬೂರಿಗಳ ನಡುವೆ ಕೂತು ಕುಂದಗೋಳದಲ್ಲಿ ಕಲಿತ ರೀತಿಯಲ್ಲೇ ಸ್ವರ ಹಚ್ಚಿದರು. ಮಾತು ತಲುಪದ ಜಾಗಕ್ಕೆ ಸ್ವರ ತಲುಪಿತು. ನ್ಯೂಯಾರ್ಕಿನ ಬೀದಿಗಳಲ್ಲಿ ಕಛೇರಿಯ ಪೋಸ್ಟರ್ ಹಚ್ಚಿಸಿಕೊಂಡ ಮೊದಲ ಭಾರತೀಯ ಸಂಗೀತಗಾರ ಇವರೇ ಅನ್ನುತ್ತಾರೆ. ಅವರ ವಿಮಾನ ಓಡಾಟ ನೋಡಿ ಮರಾಠಿ ಲೇಖಕ ಪು. ಲ. ದೇಶಪಾಂಡೆಯವರು ‘ಸವಾಯಿ ಗಂಧರ್ವ’ರ ಶಿಷ್ಯನಿಗೆ ‘ಹವಾಯಿ ಗಂಧರ್ವ’ ಅಂತ ತಮಾಷೆಯ ಬಿರುದು ಕೊಟ್ಟರು.

ಕಿರಾಣಾದ ಇನ್ನೊಂದು ಕವಲೂ ಇದೇ ಕಾಲದಲ್ಲಿ ಅಮೆರಿಕ ಸೇರಿತು. ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಎಂಬ ಅಮೆರಿಕದ ಸಂಗೀತಕಾರರು ಅವರ ಶಿಷ್ಯರಾದರು. ನಮ್ಮ ಧಾರವಾಡದ ಸಿತಾರ ಮನೆತನದ್ದೂ ಇದೇ ಬೇರು. ಆ ಮನೆತನದ ಹಿರಿಯ ಸಿತಾರರತ್ನ ರಹಿಮತ್ ಖಾನರು ಕಿರಾಣಾದ ಬೀನಕಾರ ಬಂದೇ ಅಲಿ ಖಾನರ ಶಾಗಿರ್ದ್. ಅವರ ಮೊಮ್ಮಗ ಉಸ್ತಾದ್ ಉಸ್ಮಾನ್ ಖಾನ್ ಪುಣೆಯಲ್ಲಿ ನೆಲೆಸಿ ವಿದೇಶದ ವೇದಿಕೆಗಳಲ್ಲೂ ಸಿತಾರ್ ನುಡಿಸಿದವರು.

ಭೀಮಸೇನರು ಜಗತ್ತು ಸುತ್ತಿದರೂ ಎರಡು ಕೆಲಸ ಬಿಡಲಿಲ್ಲ. ಒಂದು, ಗುರುವಿನ ನೆನಪು. ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಹೆಸರಿನಲ್ಲಿ ಉತ್ಸವ ಶುರುವಾಯಿತು. ಅದನ್ನು ನಡೆಸುವ ಸಂಸ್ಥೆ ಆರ್ಯ ಸಂಗೀತ ಪ್ರಸಾರಕ ಮಂಡಳ. ಆ ಹೆಸರು ಕೇಳಿದಾಗಲೆಲ್ಲ ನನಗೆ 1913ರ ಖಾನ್‌ಸಾಹೇಬರ ಶಾಲೆ ನೆನಪಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ಪುಣೆಯ ಜನ ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ಎರಡನೆಯದು, ಮನೆಮಾತು. ಮರಾಠಿಗರಿಗೆ ಅಭಂಗ ಹಾಡಿದ ಅವರು ಕನ್ನಡಿಗರಿಗೆ ದಾಸವಾಣಿ ಹಾಡಿದರು. ಧಾರವಾಡದ ನಮ್ಮ ಮನೆಯಲ್ಲಿ ಫಜರ್ ನಮಾಜು ಮುಗಿಸಿ ಬಂದ ಅಬ್ಬಾ ಆಕಾಶವಾಣಿ ಹಚ್ಚುತ್ತಿದ್ದರು. ಅಮ್ಮಿ ಚಹಾ ಸೋಸುವ ಹೊತ್ತಿಗೆ ಭೀಮಸೇನರ ದಾಸವಾಣಿ ಬರುತ್ತಿತ್ತು. ಅದು ಬೇರೆಯವರ ಹಾಡು ಅಂತ ನಮಗೆ ಯಾವತ್ತೂ ಅನಿಸಲಿಲ್ಲ. ದನಿಯ ಬೇರು ಕೈರಾನಾದ ಉಸ್ತಾದರ ಮನೆಯಲ್ಲಿದೆ ಅಂತಲೂ ಆಗ ಗೊತ್ತಿರಲಿಲ್ಲ.

2005ರಲ್ಲಿ ಕರ್ನಾಟಕ ರತ್ನ, 2008ರಲ್ಲಿ ಭಾರತ ರತ್ನ ಅವರಿಗೆ ಬಂದವು. 2011ರ ಜನವರಿ 24ರಂದು ಪುಣೆಯಲ್ಲೇ ತೀರಿಕೊಂಡರು.

ಬಮಾಕೋದ ರೈಲು ನಿಲ್ದಾಣ

ಇದು ನಮ್ಮ ಕಡೆಯ ಕತೆ ಮಾತ್ರವಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶವೂ ಮುಸ್ಲಿಂ ಬಹುಸಂಖ್ಯಾತರ ನಾಡು. ಅಲ್ಲಿಯೂ ಹಾಡು ಕೆಲವು ಮನೆತನಗಳ ಕಸುಬು. ಅವರನ್ನು ‘ಜೆಲಿ’ ಅನ್ನುತ್ತಾರೆ, ಹೊರಗಿನವರು ‘ಗ್ರಿಯೋ’ ಅನ್ನುತ್ತಾರೆ. ರಾಜವಂಶದವರ ಕತೆಯನ್ನು ಜೆಲಿಗಳು ಹಾಡಬೇಕು, ರಾಜವಂಶದವರು ಕೂತು ಕೇಳಬೇಕು. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟಾ ಕೇತಾನ ವಂಶದಲ್ಲಿ 1949ರಲ್ಲಿ ಹುಟ್ಟಿದ ಸಲೀಫ್ ಕೇತಾಗೆ ಹಾಡುವ ಆಸೆ. ಮನೆಯವರು ‘ನಮ್ಮ ಕುಲಕ್ಕೆ ಇದು ಸಲ್ಲದು’ ಅಂದರು. ಮೇಲಾಗಿ ಹುಟ್ಟಿನಿಂದ ಮೈಬಣ್ಣವಿಲ್ಲದ ಮಗು, ಜನ ಅಪಶಕುನ ಎನ್ನುತ್ತಿದ್ದರು. ಶಾಲಾ ಮಾಸ್ತರನಾಗಬೇಕು ಅಂದುಕೊಂಡರೆ ಕಣ್ಣಿನ ದೋಷದಿಂದ ಅದೂ ತಪ್ಪಿತು.

ಸಲೀಫ್ ರಾಜಧಾನಿ ಬಮಾಕೋಗೆ ಹೋಗಿ ಬೀದಿಯಲ್ಲಿ, ಹೋಟೆಲುಗಳಲ್ಲಿ ಹಾಡಿದ. ಕೊನೆಗೆ ಹೆಸರು ಕೊಟ್ಟಿದ್ದು ರೈಲು ನಿಲ್ದಾಣದ ಹೋಟೆಲು. ಮಾಲಿಯ ರೈಲ್ವೆಯ ಆಸರೆಯಲ್ಲಿ 1970ರಲ್ಲಿ ಹುಟ್ಟಿದ ‘ರೈಲ್ ಬ್ಯಾಂಡ್’ ಅಲ್ಲಿ ನುಡಿಸುತ್ತಿತ್ತು. 1973ರಲ್ಲಿ ಬೇರೆ ತಂಡ, ಆಮೇಲೆ ಅಬಿಜಾನ್, ಆಮೇಲೆ ಪ್ಯಾರಿಸ್. ತಾನೇ ಹಾಡು ಕಟ್ಟಿ ತಾನೇ ಹಾಡಿದ 1987ರ ‘ಸೊರೊ’ ಆಲ್ಬಂ ಅವರನ್ನು ಜಗತ್ತಿಗೆ ಪರಿಚಯಿಸಿತು. ಹಾಡಿದ ಭಾಷೆ ಮಾತ್ರ ತನ್ನ ನಾಡಿನದೇ. ಮುಂದೆ ತಮ್ಮಂತೆಯೇ ಮೈಬಣ್ಣವಿಲ್ಲದೆ ಹುಟ್ಟಿದವರ ಸಲುವಾಗಿ ಒಂದು ಪ್ರತಿಷ್ಠಾನವನ್ನೂ ಕಟ್ಟಿದರು.

ಈ ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನಿಗೆ ಕುಲ ಅಡ್ಡ ಬಂತು, ಇನ್ನೊಬ್ಬನಿಗೆ ತಂದೆಯ ಕಾಳಜಿ ಅಡ್ಡ ಬಂತು. ಇಬ್ಬರೂ ತಮ್ಮ ಮನೆತನದ್ದಲ್ಲದ ಕಸುಬು ಹಿಡಿದರು. ಇಬ್ಬರಿಗೂ ಆ ಕಸುಬು ಬಲ್ಲವರು ಜಾಗ ಕೊಟ್ಟರು. ಪ್ರತಿಭೆ ದೇವರು ಕೊಡುತ್ತಾನೆ ಅನ್ನುತ್ತೇವೆ, ನಿಜ. ಆದರೆ ಅದು ಜಗತ್ತಿನ ವೇದಿಕೆ ತನಕ ಹೋಗಬೇಕಾದರೆ ದಾರಿಯಲ್ಲಿ ಯಾರಾದರೂ ಬಾಗಿಲು ತೆರೆಯಬೇಕು. ಖಾನ್‌ಸಾಹೇಬರು ಕುಂದಗೋಳದ ಹುಡುಗನಿಗೆ ಬಾಗಿಲು ತೆರೆಯದೆ ಇದ್ದಿದ್ದರೆ, ಗದಗಿನ ಹುಡುಗನಿಗೆ ಊರ ಹತ್ತಿರ ಆ ಗುರು ಸಿಗುತ್ತಿರಲಿಲ್ಲ.

ನಮ್ಮ ಮನೆಯ ಬಾಗಿಲು

ಈಗ ನಮ್ಮ ಮಾತಿಗೆ ಬರೋಣ. ಸಂಗೀತದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ಎಲ್ಲರಿಗೂ ಗೊತ್ತು. ಅದರ ತೀರ್ಪು ಕೊಡುವಷ್ಟು ಇಲ್ಮ್ ನನಗಿಲ್ಲ, ಅದು ಆಲಿಮರ ಕೆಲಸ. ಚರಿತ್ರೆ ಹೇಳುವುದು ಟೀಚರ್ ಕೆಲಸ. ಈ ದೇಶದ ಅತ್ಯಂತ ದೊಡ್ಡ ದನಿಗಳಲ್ಲಿ ಒಂದನ್ನು ಬೆಳೆಸಿದ ಬೇರಿನಲ್ಲಿ ನಮ್ಮ ಹಿರಿಯರ ಬೆವರು ಇದೆ ಅಂತ ಚರಿತ್ರೆ ಹೇಳುತ್ತದೆ. ನಮ್ಮ ಮಕ್ಕಳು ‘ಹಮಾರೇ ವಾಲೇ?’ ಅಂತ ಅನುಮಾನದಿಂದ ಕೇಳುವ ಹಾಗಾಗಿದ್ದರೆ ತಪ್ಪು ಮಕ್ಕಳದ್ದಲ್ಲ. ನಾವು ಹೇಳಲಿಲ್ಲ, ಅಷ್ಟೇ.

ಆದರೆ ಬರೀ ಹೆಮ್ಮೆಪಟ್ಟು ಸುಮ್ಮನಾದರೆ ಖಾನ್‌ಸಾಹೇಬರಿಗೆ ನ್ಯಾಯ ಮಾಡಿದಂತೆ ಆಗುವುದಿಲ್ಲ. ‘ನಮ್ಮದು, ನಮ್ಮದು’ ಅಂತ ಹೇಳಿಕೊಂಡವರಲ್ಲ ಅವರು. ಕೊಟ್ಟು ಬೆಳೆಸಿದವರು. ಅವರು ಕೊಟ್ಟದ್ದು ಇವತ್ತು ಜೋಶಿ, ಹಾನಗಲ್, ರಾಜಗುರು ಇವರ ಶಿಷ್ಯರ ಮನೆಗಳಲ್ಲಿ ಜೀವಂತವಾಗಿದೆ. ಅದನ್ನು ಕಲಿಯಬೇಕೆಂದರೆ ನಮ್ಮ ಮಕ್ಕಳೂ ಆ ಬಾಗಿಲು ತಟ್ಟಬೇಕು. ಕಸಬು ಯಾವುದೇ ಇರಲಿ, ಹಾಡು, ವಾದ್ಯ, ಕಂಪ್ಯೂಟರ್, ಕಾನೂನು, ಮಾತು ಇಷ್ಟೇ: ಬಲ್ಲವರ ಹತ್ತಿರ ಹೋಗಿ ಕಲಿ, ಬಂದವರಿಗೆ ಕಲಿಸು.

ಆ ಹುಡುಗನ ಅಬ್ಬಾರನ್ನು ಮತ್ತೆ ಕರೆಸಿ ಮಾತಾಡಿದೆ. ಗದರಿಸಿದ್ದು ನನ್ನ ತಪ್ಪು ಅಂತ ಮೊದಲು ಒಪ್ಪಿಕೊಂಡೆ. ಅವರು ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಕೈಗೆ ಗ್ರೀಸ್ ಹಾಗೇ ಇತ್ತು. ಭೀಮಸೇನರ ಕತೆ, ಖಾನ್‌ಸಾಹೇಬರ ಕತೆ ಎಲ್ಲ ಕೇಳಿದರು. “ಒಬ್ಬ ಭೀಮಸೇನ ಆದರೆ ಸಾವಿರ ಹುಡುಗರು ಏನೂ ಆಗೋದಿಲ್ಲ, ಅಲ್ವಾ ಟೀಚರ್?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ಖರೆ ಭಾಯ್‌ಸಾಬ್. ಅವನು ಓದಲೂ ಬೇಕು. ಆದರೆ ವಾರಕ್ಕೆ ಒಂದು ತಾಸು ಕಲಿಯಲಿ” ಅಂದೆ. ಸ್ವಲ್ಪ ಹೊತ್ತು ಯೋಚಿಸಿ, “ಲೆಕ್ಕದ ಮಾರ್ಕ್ಸ್ ಕಮ್ಮಿ ಆಗಬಾರದು” ಅಂತ ಷರತ್ತು ಹಾಕಿದರು. ಸವಾಯಿ ಗಂಧರ್ವರಿಗೂ ಒಂದು ಷರತ್ತು ಇತ್ತಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ.

ಈಗ ಅವನು ಭಾನುವಾರ ಒಬ್ಬ ಮರಾಠಿ ಗುರುಗಳ ಮನೆಗೆ ಹೋಗುತ್ತಾನೆ. ಮೊದಲ ತಿಂಗಳು ಮುಗಿದಾಗ ಮುಖ ಸಪ್ಪೆ ಮಾಡಿಕೊಂಡು ಬಂದ. “ಟೀಚರ್, ಬರೀ ‘ಸಾ’ ಹಾಡಿಸ್ತಾರೆ. ಅದೊಂದೇ.”

“ಹಾಡು” ಅಂದೆ. ಹಾಡಿದ. ಈ ಸಲ ನಾನು ಲೆಕ್ಕದ ಪುಸ್ತಕ ತೆಗೆ ಅನ್ನಲಿಲ್ಲ. ಅವನು ನಿಲ್ಲಿಸುವ ತನಕ ಕೇಳಿದೆ.